ಎಲೆಯ ನಡುವಿನ ಚಿಗುರು

"ಇವತ್ತು ಆ ಕೊನೇ ಸಾಲು ಕಿತ್ತುಬಿಡೋಣ," ಎಂದು ಅತ್ತೆ ತಟ್ಟೆಯಿಂದ ತಲೆಯೆತ್ತದೆ ಹೇಳಿದಾಗ ಸೊಸೆ ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದಳು. ಕೊನೇ ಸಾಲು ಎಂದರೆ ಅವಳೇ ನೋಡಿಕೊಳ್ಳುತ್ತಿದ್ದ ಟೊಮೆಟೊ ಸಾಲು. ಮದುವೆಯಾಗಿ ಬಂದಾಗಿನಿಂದ ಶೆಡ್ಡಿನಲ್ಲಿ ಕೂತು ಟೊಮೆಟೊ ಆರಿಸಿ ಪೆಟ್ಟಿಗೆಗೆ ತುಂಬುತ್ತಿದ್ದವಳು ಕಾಡಿ ಬೇಡಿ ಪಡೆದುಕೊಂಡದ್ದು. ಅದು ಹೋದರೆ ಮತ್ತೆ ಶೆಡ್ಡೇ ಗತಿ. ಇನ್ನೊಂದು ಸಾಲು ಕೊಡಿ ಎನ್ನಲು ಯಾವ ಮುಖ?

ಗಂಡನ ಕಡೆ ನೋಡಿದಳು. ಅಮ್ಮನ ಮುಂದೆ ತುಟಿ ಪಿಟಕ್ಕೆನ್ನದ ಪುಣ್ಯಾತ್ಮ. ಲೋಟದ ತಳದಲ್ಲಿ ಏನನ್ನೋ ಹುಡುಕುತ್ತಿದ್ದ.

ಕೈ ತೊಳೆದವಳೇ ಪ್ಲಾಸ್ಟಿಕ್ ಹೊದಿಕೆಯ ಪಾಲಿಹೌಸಿಗೆ ಓಡಿದಳು. ಸಸಿಗಳು ಎಳೆಯವಿದ್ದಾಗ ಚಳಿ ಹೊಡೆದು ಬಾಗಿಲ ಪಕ್ಕದ ಈ ಸಾಲಿನ ಕುಡಿಗಳೆಲ್ಲ ಕಪ್ಪಾಗಿ ಉದುರಿದ್ದವು. ಗಿಡಗಳು ಸಾಯಲಿಲ್ಲ, ಆದರೆ ಬದುಕಿದ ರೀತಿಯೂ ಸರಿಯಿರಲಿಲ್ಲ. ಮೇಲಕ್ಕೇಳದೆ, ಇದ್ದ ನಾಲ್ಕೈದು ಎಲೆಗಳೇ ದಪ್ಪನಾಗಿ, ಕಡುಹಸಿರಾಗಿ, ಮುಟ್ಟಿದರೆ ಮುರಿಯುವಂತೆ ಸುರುಳಿ ಸುತ್ತಿಕೊಂಡಿದ್ದವು. ಇದನ್ನು ಕಂಡು ಸೊಸೆಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಎಲೆ ಮಗುಚಿ ಹುಳ ಹುಡುಕುವುದು, ಶೆಡ್ಡಿಗೆ ಹೋಗುವುದು, ಅರ್ಧ ಪೆಟ್ಟಿಗೆ ತುಂಬಿ ಮತ್ತೆ ಓಡಿ ಬರುವುದು.

ಈಗ ಒಂದು ಎಲೆಯ ಸುರುಳಿಯನ್ನು ಮೆಲ್ಲಗೆ ಬಿಡಿಸಿದಳು. ಅದರ ನಡುನರದ ಮೇಲೆ, ಏನೂ ಹುಟ್ಟಬಾರದ ಜಾಗದಲ್ಲಿ, ಪುಟ್ಟ ಚಿಗುರೊಂದು ನೆಟ್ಟಗೆ ನಿಂತಿತ್ತು. ಪಕ್ಕದ ಗಿಡದಲ್ಲಿ ಇಲ್ಲ. ಅದರಾಚೆಯದರಲ್ಲಿ ಇದೆ! ಏನಾದರೂ ರೋಗವಾಗಿದ್ದರೆ? ಬಾಯಿ ಮುಚ್ಚಿಕೊಂಡಿರೋಣವೆಂದರೆ ಉಳಿದ ಸಾಲುಗಳಿಗೂ ಅಂಟೀತು.

ಅಷ್ಟರಲ್ಲಿ ಅತ್ತೆ ಕುಡುಗೋಲು ಹಿಡಿದು ಬಂದೇಬಿಟ್ಟರು.

"ಅತ್ತೆ, ಇಲ್ನೋಡಿ. ಎಲೆ ಮೇಲೆ ಗಿಡ ಬರ್ತಿದೆ."

"ನಾಳೆ ಬೇರಲ್ಲಿ ಹಣ್ಣು ಬಿಟ್ಟಿದೆ ಅಂತೀಯ," ಎನ್ನುತ್ತಲೇ ಅತ್ತೆ ಬಗ್ಗಿದರು. ಕನ್ನಡಕ ಏರಿಸಿ ನೋಡಿದರು. ಆಮೇಲೆ ಅವರ ಬೆರಳು ಕಾಂಡದ ಮೇಲೆ ಇಳಿಯುತ್ತ ಬಂತು. ಎಲೆ ಕಾಂಡಕ್ಕೆ ಸೇರುವ ಒಂದೊಂದು ಕಂಕುಳಲ್ಲೂ ಒಣಗಿದ ಗಾಯ.

"ಇಲ್ಲಿದ್ದ ಚಿಗುರೆಲ್ಲ ಎಲ್ಲೇ?"

"ಕಿತ್ತೆ. ಪಕ್ಕದ ಚಿಗುರು ಒಂದೂ ಬಿಡ್ಬೇಡ ಅಂತ ನೀವೇ ಹೇಳಿದ್ರಲ್ಲ."

"ಕುಡಿ ಇರೋ ಗಿಡಕ್ಕೆ ಕಣೇ ಆ ಮಾತು! ತಲೆನೇ ಇಲ್ಲದ್ದು ಪಕ್ಕದ ಚಿಗುರನ್ನ ನಂಬ್ಕೊಂಡಲ್ವಾ ಬದುಕೋದು? ಅದನ್ನೂ ಚಿವುಟಿ ಹಾಕಿದ್ಯಾ?"

ಸೊಸೆಗೆ ನಿಂತ ನೆಲ ಬಾಯಿ ಬಿಡಬಾರದೇ ಎನಿಸಿತು. ಇಷ್ಟು ದಿನ ಚಳಿಗೆ ಹಿಡಿಶಾಪ ಹಾಕಿದ್ದೇ ಹಾಕಿದ್ದು. ದಿನಾ ಬೆಳಿಗ್ಗೆ ಬಂದು, ಎಷ್ಟು ಚೊಕ್ಕ ಕೆಲಸ ಎಂದು ಹಿಗ್ಗುತ್ತ, ತನ್ನ ಉಗುರಿನಿಂದಲೇ ಗಿಡಗಳ ಕಥೆ ಮುಗಿಸಿದ್ದಳು.

"ಕೊಡಿ, ನಾನೇ ಕೀಳ್ತೀನಿ," ಎಂದು ಅಳುತ್ತ ಕುಡುಗೋಲಿಗೆ ಕೈಚಾಚಿದಳು.

ಅತ್ತೆ ಕೊಡಲಿಲ್ಲ. ಚಿಗುರಿಲ್ಲದ ಗಿಡಗಳನ್ನು ಮುಲಾಜಿಲ್ಲದೆ ಬುಡಕ್ಕೇ ಕೊಯ್ಯುತ್ತ ಹೋದರು. ಎಲೆ ಮೇಲೆ ಚಿಗುರಿದ್ದವನ್ನು, ಇನ್ನು ಅದೇ ಅವುಗಳ ಕುಡಿ ಎಂದು, ಬಿಟ್ಟರು. ಸಾಲಿನುದ್ದಕ್ಕೂ ಅಲ್ಲೊಂದು ಇಲ್ಲೊಂದು ಉಳಿದವು. ಕೊನೆಗೆ ಉಳಿದವುಗಳಲ್ಲಿ ಮೊದಲ ಗಿಡದ ಬಳಿ ಬಂದು ಕುಕ್ಕರಗಾಲಲ್ಲಿ ಕೂತು, ಅದನ್ನು ಎತ್ತಿ ಕಟ್ಟಲು ಮೇಲಿನ ತಂತಿಯಿಂದ ದಾರ ಇಳಿಬಿಟ್ಟರು. ಕಣ್ಣು ಮುಚ್ಚಿ ಸಾವಿರ ಗಿಡ ಕಟ್ಟಬಲ್ಲ ಬೆರಳುಗಳು ಕಾಂಡದತ್ತ ಹೋಗಿ, ಎಲೆಯತ್ತ ಹೋಗಿ, ನಡುವೆ ನಿಂತವು.

"ಇದಕ್ಕೆ ಎಲ್ಲಿ ಕಟ್ಟೋದೇ?"

ಚುಚ್ಚುತ್ತಿದ್ದಾರೇನೋ ಎಂದು ಸೊಸೆ ಅವರ ಮುಖ ನೋಡಿದಳು. ಅತ್ತೆ ನಿಜಕ್ಕೂ ಕೇಳುತ್ತಿದ್ದರು. ಅವಳು ಮೂಗೊರೆಸಿಕೊಂಡು ಪಕ್ಕದಲ್ಲಿ ಕೂತಳು.

"ಎಲೆ ತೊಟ್ಟಿನ ಕೆಳಗೆ. ಸಡಿಲವಾಗಿ."

"ಇಲ್ಲೇನೇ?" ಎಂದರು ಅತ್ತೆ, ದಾರವನ್ನು ತೊಟ್ಟಿನ ಕೆಳಗೆ ಹಿಡಿದು.