ಬರೆಸಿದ ವಯಸ್ಸು

ಕೊಲ್ಲಲು ಯತ್ನಿಸಿದ್ದಕ್ಕೆ ಹತ್ತು ವರ್ಷ, ಆಯುಧ ಹಿಡಿದು ಮನೆ ಹೊಕ್ಕಿದ್ದಕ್ಕೆ ಮೂರು ವರ್ಷ. ಒಂದು ಮುಗಿದ ಮೇಲೆ ಇನ್ನೊಂದು. ಶಿವಮೊಗ್ಗದ ಕೋರ್ಟಿನಲ್ಲಿ ಜಡ್ಜರು ಓದಿದ್ದು ಇಂಗ್ಲಿಷಿನಲ್ಲಿ. ಮಾಸ್ತಮ್ಮನಿಗೆ ಅದನ್ನು ಕನ್ನಡದಲ್ಲಿ ಬಿಡಿಸಿ ಹೇಳಿದವರು ವಕೀಲ ಮಹೇಶ್ವರಪ್ಪನವರು. ಅವರು ಹೇಳಿ ಮುಗಿಸುವಷ್ಟರಲ್ಲಿ ಪೊಲೀಸರು ಅವಳ ಮಗ ಗುತ್ಯಪ್ಪನನ್ನು ವ್ಯಾನು ಹತ್ತಿಸಿಬಿಟ್ಟಿದ್ದರು. ಐವತ್ತೆಂಟನೇ ಇಸವಿಯ ನವೆಂಬರ್ ತಿಂಗಳು ಅದು.

ಇಬ್ಬರೂ ಒಂದೇ ಬಸ್ಸಿನಲ್ಲಿ ಶಿಕಾರಿಪುರಕ್ಕೆ ಬಂದರು. ವಕೀಲರು ಮುಂದಿನ ಸೀಟಿನಲ್ಲಿ, ಇವಳು ಹಿಂದೆ. ತನ್ನೂರು ಬಳ್ಳಿಗಾವಿಯ ಕಡೆ ಹೋಗುವ ಬಸ್ಸು ಎದುರಿಗೇ ನಿಂತಿದ್ದರೂ ಹತ್ತದೆ, ಅವರ ಬೆನ್ನು ಹಿಡಿದು ಅವರ ಮನೆಯ ತನಕ ಹೋಗಿ ಜಗಲಿಯ ತುದಿಗೆ ಕೂತಳು.

"ಅರವತ್ತು ದಿನದೊಳಗೆ ಹೈಕೋರ್ಟಿಗೆ ಅಪೀಲು ಹಾಕಬಹುದು ಮಾಸ್ತಮ್ಮ," ಎಂದರು ವಕೀಲರು ಕೋಟು ಬಿಚ್ಚುತ್ತ. "ಆದ್ರೆ ಏನಂತ ಹಾಕೋದು ಹೇಳು. ಹೊಡೆದದ್ದು ನಾಲ್ಕು ಜನ ನೋಡ್ಯಾರೆ. ಹುಡುಗನೂ ಇಲ್ಲ ಅನ್ನಲಿಲ್ಲ."

ಮಾಸ್ತಮ್ಮ ಬೆರಳು ಮಡಿಸುತ್ತ ಕೂತಿದ್ದಳು. "ಹೊರಗೆ ಬರೋ ಹೊತ್ತಿಗೆ ಅವಂಗೆ ಇಪ್ಪತ್ತೆಂಟು ಆಗಿರ್ತಾವಲ್ರೀ," ಎಂದಳು.

"ಮೂವತ್ತೆರಡು ಅನ್ನು. ಹತ್ತೊಂಬತ್ತಕ್ಕೆ ಹದಿಮೂರು ಸೇರಿದ್ರೆ ಮೂವತ್ತೆರಡು."

"ಹತ್ತೊಂಬತ್ತೆಲ್ಲಿ ಬಂತ್ರೀ? ಹೋದ ತಿಂಗಳು ಭೂಮಿ ಹುಣ್ಣಿಮೆಗೆ ಹದಿನೈದು ತುಂಬಿದಾವೆ."

ಕೋಟನ್ನು ಗೂಟಕ್ಕೆ ಹಾಕಲು ಎತ್ತಿದ್ದ ವಕೀಲರ ಕೈ ಹಾಗೆಯೇ ನಿಂತಿತು. ಹೋದ ವರ್ಷ ರಸ್ತೆ ಕೆಲಸದ ಹಾಜರಿ ಪುಸ್ತಕದಲ್ಲಿ ಹದಿನೆಂಟು ಎಂದಿತ್ತು. ಅದನ್ನೇ ಪೊಲೀಸರು ಬರೆದುಕೊಂಡಿದ್ದರು, ಅದನ್ನೇ ಕೋರ್ಟೂ ಓದಿತ್ತು. ಹುಡುಗ ಎತ್ತರದ ಆಳು, ಮೂಗಿನ ಕೆಳಗೆ ಕಪ್ಪು ಗೆರೆ ಮೂಡಿತ್ತು. ತಾಯಿಯನ್ನು ತಾವೂ ಒಮ್ಮೆಯೂ ಕೇಳಿರಲಿಲ್ಲ.

"ಹದಿನೆಂಟು ಅಂತ ಬರೆಸಿದ್ದು ಯಾರು?"

"ನಾನೇ ರೀ," ಎಂದಳು ಮಾಸ್ತಮ್ಮ.

ಗಂಡ ಕೆಂಪಪ್ಪ ವಿಷಮಜ್ವರ ಬಂದು ತೀರಿಕೊಂಡಾಗ ಗುತ್ಯಪ್ಪನಿಗೆ ಹನ್ನೊಂದು. ಆಮೇಲೆ ಅವರಿವರ ಗದ್ದೆಯ ಕೂಲಿಯಲ್ಲಿ ಮೂರು ವರ್ಷ ಹೇಗೋ ನಡೆಯಿತು. ಸೊರಬದ ರಸ್ತೆಗೆ ಜಲ್ಲಿ ಹಾಕುವ ಕೆಲಸ ಶುರುವಾದಾಗ ಅಲ್ಲಿ ಮೇಸ್ತ್ರಿಯಾಗಿ ಬಂದವನು ಉಜ್ಜಪ್ಪ. ಮಾಸ್ತಮ್ಮನ ತವರೂರಾದ ಜಡೆಯವನೇ, ಪಕ್ಕದ ಮನೆಯವನೇ. ಚಿಕ್ಕಂದಿನಿಂದ ಅವಳು ಅವನನ್ನು ಅಣ್ಣ ಎಂದೇ ಕರೆದವಳು. ಹದಿನೆಂಟು ತುಂಬದವರನ್ನು ಕಲ್ಲು ಒಡೆಯಲು ಹಾಕಿಕೊಳ್ಳುವಂತಿಲ್ಲ ಎಂದು ಅವನು ಹೇಳಿದಾಗ, "ನೀನೇ ಬರಕೋ ಅಣ್ಣ, ನಿನ್ನ ಕೈಯಾಗೆ ಐತೆ," ಎಂದು ಕಾಡಿ ಬರೆಸಿದ್ದಳು. ಉಜ್ಜಪ್ಪ ನಕ್ಕು ಬರೆದುಕೊಂಡಿದ್ದ. ಅವಳೂ ಅಲ್ಲೇ ಜಲ್ಲಿ ಹೊರಲು ಸೇರಿದ್ದಳು.

ನಾಲ್ಕು ತಿಂಗಳು ಕಳೆದಿರಬೇಕು. ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಮಾಸ್ತಮ್ಮನಿಗೆ ಜ್ವರವಿತ್ತು. ಬುಟ್ಟಿ ಕೆಳಗಿಟ್ಟು ಜಲ್ಲಿಯ ರಾಶಿಗೆ ಒರಗಿ ಕೂತಿದ್ದಾಗ ಮೇಲಿನ ಸಾಹೇಬರ ಜೀಪು ಬಂತು. ಸಾಹೇಬರು ಉಜ್ಜಪ್ಪನನ್ನು ಏನೋ ಅಂದರು. ಜೀಪು ಹೋದ ಮೇಲೆ ಅವನು ಬಂದವನೇ ಬುಟ್ಟಿಯನ್ನು ಒದ್ದು, ಎಲ್ಲರೆದುರು ಮಾಸ್ತಮ್ಮನ ಕೆನ್ನೆಗೆ ಎರಡು ಬಾರಿಸಿದ. "ನಿನ್ನಂಥೋರ್ನ ಕರಕಂಡು ಬಂದು ನನ್ನ ಮರ್ಯಾದೆ ಹೋತು," ಎಂದ. ಗುತ್ಯಪ್ಪ ಹತ್ತು ಮಾರು ದೂರದಲ್ಲಿ ಕಲ್ಲು ಒಡೆಯುತ್ತಿದ್ದ. ತಲೆ ಎತ್ತಿ ನೋಡಿದ, ಮತ್ತೆ ಒಡೆಯತೊಡಗಿದ. ಅವನು ಸುಮ್ಮನಿದ್ದದ್ದು ಕಂಡು ಸದ್ಯ ಬದುಕಿದೆ ಅಂದುಕೊಂಡಿದ್ದಳು ಮಾಸ್ತಮ್ಮ.

ಮಧ್ಯಾಹ್ನ ಊಟ ಮಾಡಿ ಉಜ್ಜಪ್ಪ ತನ್ನ ಗುಡಿಸಲಿನಲ್ಲಿ ಮಲಗಿದ್ದ. ಹುಡುಗ ಸುತ್ತಿಗೆ ಹಿಡಿದು ಒಳಗೆ ಹೋದ. ಕೂಗು ಕೇಳಿ ಜನ ಓಡಿ ಹೋಗುವಷ್ಟರಲ್ಲಿ ಎರಡು ಏಟು ಬಿದ್ದಿದ್ದವು. ಮೂರನೆಯದನ್ನು ಯಾರೋ ರಟ್ಟೆ ಹಿಡಿದು ತಪ್ಪಿಸಿದರು. ಉಜ್ಜಪ್ಪ ಉಳಿದ. ಆದರೆ ಎಡಗಣ್ಣು ಹೋಯಿತು, ದವಡೆ ಮುರಿದು ವಾರೆಯಾಗಿ ಕೂಡಿಕೊಂಡಿತು.

"ಆಗ ಹದಿನಾಲ್ಕು ವರ್ಷದ ಹುಡುಗ!" ಎಂದರು ಮಹೇಶ್ವರಪ್ಪ. ಕೋಟನ್ನು ಗೂಟಕ್ಕೆ ಹಾಕಿ ಬಂದು ಕೂತರು. ಆಮೇಲೆ, "ತಪ್ಪು ನಂದೂ ಐತೆ. ಅಪೀಲು ನಾನೇ ಬರೀತೀನಿ. ಆದ್ರೆ ನಿನ್ನ ಬಾಯಿಮಾತು ಸಾಲೋದಿಲ್ಲ, ಕಾಗದ ಬೇಕು," ಎಂದರು.

ಗುತ್ಯಪ್ಪ ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಹುಟ್ಟಿದ್ದು ಅವಳ ತವರಾದ ಜಡೆಯಲ್ಲಿ. ವಕೀಲರು ಸೊರಬದ ತಾಲ್ಲೂಕು ಕಚೇರಿಗೆ ಎರಡು ಸಲ ಅಲೆದು ಜನನ ಮರಣದ ಹಳೆಯ ರಿಜಿಸ್ಟರು ತೆಗೆಸಿದರು. ಎರಡನೆಯ ಸಲ ಬಂದಾಗ ಅವರ ಮುಖ ಗಂಟಿಕ್ಕಿತ್ತು.

"ಕೆಂಪಪ್ಪನ ಹೆಂಡತಿಗೆ ಗಂಡು ಅಂತ ಎರಡು ಕಡೆ ಬರೆದದೆ. ಒಂದು ಮೂವತ್ತೊಂಬತ್ತನೇ ಇಸವಿ, ಇನ್ನೊಂದು ನಲವತ್ಮೂರು. ಹೆಸರು ಎರಡಕ್ಕೂ ಇಲ್ಲ. ಮೊದಲನೇದೇ ನಿನ್ನ ಗುತ್ಯಪ್ಪ ಅಂತಾರೆ ನಾಳೆ ಸರ್ಕಾರಿ ವಕೀಲರು. ಹದಿನೆಂಟಕ್ಕೆ ಸರಿಯಾಗಿ ಕೂರ್ತದೆ."

ಮಾಸ್ತಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ಮೊದಲನೇದು ಹನ್ನೊಂದು ದಿನಕ್ಕೆ ಹೋತು ರೀ. ಅದು ಇದ್ದಿದ್ರೆ ಹದಿನೆಂಟು ಆಗಿರ್ತಿತ್ತು. ಉಜ್ಜಣ್ಣ ಕೇಳ್ದಾಗ ಅದೇ ಬಾಯಿಗೆ ಬಂತು."

"ಸತ್ತದ್ದು ರಿಜಿಸ್ಟರಲ್ಲಿಲ್ಲ."

"ನಮ್ಮಪ್ಪ ಹೇಳಾಕೆ ಹೋಗಿರಲಿಲ್ಲ."

"ಮಣ್ಣು ಮಾಡಿದ್ದು ನೋಡಿದೋರು ಯಾರಾದ್ರೂ ಇದಾರಾ? ನಿನ್ನ ಮನೆಯವರಲ್ಲದವರು?"

ಅವಳ ಅಪ್ಪ ಅವ್ವ ಇಬ್ಬರೂ ಹೋಗಿ ವರ್ಷಗಳಾಗಿದ್ದವು. ಇದ್ದವಳು ಒಬ್ಬಳೇ. ಎರಡು ಹೆರಿಗೆಯನ್ನೂ ಮಾಡಿಸಿದ, ಮೊದಲ ಕೂಸನ್ನು ತನ್ನ ಹಳೆ ಸೀರೆಯ ತುಂಡಿನಲ್ಲಿ ಸುತ್ತಿಕೊಟ್ಟ ಸೂಲಗಿತ್ತಿ ಹೂವಮ್ಮ. ಅವಳು ಉಜ್ಜಪ್ಪನ ತಾಯಿ.

ಈ ಮಾತು ಕೇಳಿ ಮಹೇಶ್ವರಪ್ಪ ಕನ್ನಡಕ ತೆಗೆದು ಕೆಳಗಿಟ್ಟರು. "ಹೋಗಬೇಡ," ಎಂದರು ಮೊದಲು. ಕನ್ನಡಕ ಮತ್ತೆ ಹಾಕಿಕೊಂಡು, "ಹೋಗದೆ ಬೇರೆ ದಾರಿಯಿಲ್ಲ," ಎಂದರು.

ಜಡೆಗೆ ಹೋದ ದಿನ ಮಾಸ್ತಮ್ಮ ಊರೊಳಗಿನ ದಾರಿ ಬಿಟ್ಟು ಕೆರೆಯ ಏರಿ ಹಿಡಿದು ಹೋದಳು. ಹೂವಮ್ಮ ಅಂಗಳದಲ್ಲಿ ಹುರುಳಿ ಕೇರುತ್ತಿದ್ದಳು. ಕಟ್ಟೆಯ ಮೇಲೆ ಉಜ್ಜಪ್ಪ ಕೂತಿದ್ದ. ಆ ದಿನದ ನಂತರ ಮಾಸ್ತಮ್ಮ ಅವನನ್ನು ಹತ್ತಿರದಿಂದ ಕಂಡಿರಲಿಲ್ಲ. ಬಾಯಿಯ ಒಂದು ಮೂಲೆಯಿಂದ ಜೊಲ್ಲು ಇಳಿಯುತ್ತಿತ್ತು, ಹೆಗಲ ಮೇಲಿನ ಪಂಚೆಯಲ್ಲಿ ಅದನ್ನು ಒರೆಸಿಕೊಳ್ಳುತ್ತಿದ್ದ. ಇವಳನ್ನು ನೋಡಿದ್ದೇ ಎದ್ದು ಗೋಡೆ ಸವರಿಕೊಂಡು ಒಳಗೆ ಹೋದ.

ಹೂವಮ್ಮ ಮೊರ ನಿಲ್ಲಿಸಲಿಲ್ಲ. "ಏನಕ್ಕೆ ಬಂದೆ?"

ಮಾಸ್ತಮ್ಮ ಅಂಗಳದ ಆಚೆಗೇ ನಿಂತು ಎಲ್ಲವನ್ನೂ ಹೇಳಿದಳು. ತಾನು ಬರೆಸಿದ ಸುಳ್ಳು, ರಿಜಿಸ್ಟರಿನ ಎರಡು ಸಾಲು, ಕೋರ್ಟಿನಲ್ಲಿ ಹೇಳಬೇಕಾದ ಮಾತು. ಹೇಳಿ ಮುಗಿದ ಮೇಲೆ ಕೈ ಮುಗಿಯುವುದಕ್ಕೂ ಅವಳಿಗೆ ಧೈರ್ಯವಾಗಲಿಲ್ಲ.

"ನನ್ನ ಮಗಂಗೆ ಅನ್ನ ಕಿವುಚಿ ಬಾಯಿಗಿಡ್ತೀನಿ," ಎಂದಳು ಹೂವಮ್ಮ. "ನಲವತ್ತು ವರ್ಷದ ಮಗಂಗೆ. ಸೊಸೆ ಕೂಲಿಗೆ ಹೋಗ್ತಾಳೆ. ನೀನು ನಿನ್ನ ಮಗನ್ನ ಬಿಡಿಸ್ಕಳಾಕೆ ನನ್ನ ಕರೀತೀಯ."

"ಬಿಡಿಸಾಕಲ್ಲ ದೊಡ್ಡವ್ವ. ಬಿಡಾದಿಲ್ಲ ಅವ್ರು. ಅವನ ವಯಸ್ಸು ಎಷ್ಟೋ ಅಷ್ಟು ಹೇಳು ಅಂತ ಕೇಳಾಕೆ ಬಂದೆ."

"ಹೋಗು."

ಮಾಸ್ತಮ್ಮ ಹೊರಟಳು. ಕೆರೆಯ ಏರಿ ಮುಟ್ಟುವ ಹೊತ್ತಿಗೆ ಹಿಂದಿನಿಂದ ಹೂವಮ್ಮನ ದನಿ ಬಂತು. "ಯಾವತ್ತು ಬರ್ಬೇಕು ಅಂತ ಹೇಳಿ ಕಳಿಸು. ನಿನ್ನ ಜೊತೆ ಬರಲ್ಲ. ನಾನೇ ಬರ್ತೀನಿ."

ಅಪೀಲು ಗಡುವಿನೊಳಗೆ ಬೆಂಗಳೂರು ಸೇರಿತು. ಐದು ತಿಂಗಳ ಮೇಲೆ ಹೈಕೋರ್ಟು, ಹುಡುಗನ ವಯಸ್ಸಿನ ಬಗ್ಗೆ ಸಾಕ್ಷಿ ತೆಗೆದುಕೊಂಡು ಕಳಿಸಿ ಎಂದು ಶಿವಮೊಗ್ಗಕ್ಕೆ ಬರೆಯಿತು. ಮೊದಲು ಕಟಕಟೆ ಹತ್ತಿದವಳು ಮಾಸ್ತಮ್ಮ. ಸುಳ್ಳು ಬರೆಸಿದ್ದು ತಾನೇ ಎಂದು ಹೇಳಿದಳು. ಆಗ ಸುಳ್ಳು ಹೇಳಿದವಳು ಈಗ ನಿಜ ಹೇಳುತ್ತೀ ಎಂದು ನಂಬುವುದು ಹೇಗೆ ಎಂದು ಸರ್ಕಾರಿ ವಕೀಲರು ಕೇಳಿದರು.

ಆಮೇಲೆ ಹೂವಮ್ಮ. ತೊಳೆದು ಮಡಿಸಿಟ್ಟಿದ್ದ ಸೀರೆ ಉಟ್ಟು, ಊರಿನಿಂದ ಒಬ್ಬಳೇ ಬಂದಿದ್ದಳು. ಮೊದಲ ಕೂಸು ಹಾಲು ಹೀರಲಾರದೆ ಹನ್ನೊಂದನೇ ದಿನ ಹೋದದ್ದನ್ನು, ಹೊಲದ ಬದುವಿನಲ್ಲಿ ಮಣ್ಣು ಮಾಡಿದ್ದನ್ನು ಹೇಳಿದಳು. ಎರಡನೆಯದು ಭೂಮಿ ಹುಣ್ಣಿಮೆಯ ಮಾರನೇ ದಿನ, ಯುದ್ಧದ ಕಾಲ, ಸೀಮೆಎಣ್ಣೆ ಸಿಗದೆ ಹರಳೆಣ್ಣೆ ದೀಪದಲ್ಲಿ ಹೆರಿಗೆ ಮಾಡಿಸಿದ್ದು ಎಂದಳು.

"ಆ ಹುಡುಗ ನಿನ್ನ ಮಗನನ್ನು ಹೊಡೆದವನು, ಗೊತ್ತಾ?" ಎಂದು ಕೇಳಿದರು ಜಡ್ಜರು.

"ಗೊತ್ತೈತಿ ಸ್ವಾಮಿ. ಅವನಿಗೆ ಏನು ಮಾಡ್ತೀರೋ ಮಾಡ್ರಿ. ಹುಟ್ಟಿದ್ದು ಮಾತ್ರ ಆವತ್ತೇ. ಈ ಕೈಯಾಗೆ ಹಿಡಿದದ್ದು ಆವತ್ತೇ."

ಹೊರಗೆ ಮಾಸ್ತಮ್ಮ ಒಂದು ಲೋಟ ಕಾಫಿ ಹಿಡಿದು ಕಾದಿದ್ದಳು. ಹೂವಮ್ಮ ಅವಳನ್ನು ದಾಟಿಕೊಂಡು ನಲ್ಲಿಯ ಹತ್ತಿರ ಹೋಗಿ, ಬೊಗಸೆಯಲ್ಲಿ ನೀರು ಕುಡಿದು ಬಸ್ಸಿನ ಕಡೆ ನಡೆದಳು.

ಸೆಪ್ಟೆಂಬರಿನಲ್ಲಿ ತೀರ್ಪು ಬಂತು. ಹುಡುಗನ ವಯಸ್ಸು ಆಗ ಹದಿನಾಲ್ಕು ಎಂದು ಹೈಕೋರ್ಟು ಒಪ್ಪಿತು. ಅಷ್ಟು ಚಿಕ್ಕವನು, ತಾಯಿಗಾದ ಅವಮಾನ ಕಂಡು ಸಿಟ್ಟಿನಲ್ಲಿ ಹೊಡೆದದ್ದೇ ಹೊರತು ಕೊಲ್ಲುವ ಉದ್ದೇಶವಿತ್ತೆಂದು ತೋರುವುದಿಲ್ಲ ಎಂದು ಕೊಲೆಯತ್ನದ ಅಪರಾಧವನ್ನು ತೆಗೆದು, ಭಾರಿ ಗಾಯ ಮಾಡಿದ ಅಪರಾಧ ಎಂದು ಬರೆಯಿತು. ಮನೆ ಹೊಕ್ಕಿದ್ದು ಹಾಗೆಯೇ ಉಳಿಯಿತು. ಎರಡೂ ಶಿಕ್ಷೆ ಒಟ್ಟಿಗೇ ನಡೆಯಬೇಕು, ಒಟ್ಟು ಐದು ವರ್ಷ. ಹುಡುಗರಿಗೆ ಕಸುಬು ಕಲಿಸುವ ಶಾಲೆಗೆ ಕಳಿಸಿ ಎಂದು ಕೇಳಿದ್ದಕ್ಕೆ, ಈಗ ಅವನಿಗೆ ಹದಿನಾರು ತುಂಬುತ್ತಿದೆ, ಸರ್ಕಾರ ಯೋಚಿಸಲಿ ಎಂದಿತು.

"ಎಂಟು ವರ್ಷ ಉಳೀತು ಮಾಸ್ತಮ್ಮ," ಎಂದರು ಮಹೇಶ್ವರಪ್ಪ. ಅವರ ದನಿಯಲ್ಲೂ ಗೆದ್ದವರ ಖುಷಿ ಇರಲಿಲ್ಲ.

ಸುದ್ದಿ ಹೇಳಲು ಅವಳು ಮಗನನ್ನು ಇಟ್ಟಿದ್ದ ಬೆಂಗಳೂರಿಗೆ ಹೋದಳು. ಜೈಲಿನ ಕಂಬಿಯಾಚೆ ಬಂದು ನಿಂತವನನ್ನು ಮೊದಲು ಗುರುತಿಸಲಿಲ್ಲ. ತಲೆ ಬೋಳಾಗಿತ್ತು, ದನಿ ಒಡೆದು ಗಂಡಸಿನದಾಗಿತ್ತು. ಮುಂಗೈ ಮೇಲೆ ಯಾರೋ ಸೂಜಿಯಿಂದ ಚುಚ್ಚಿದ ಹಸಿರು ಚೇಳು. ಜೈಲಿಗೆ ಕಳಿಸಿದಾಗ ಹತ್ತೊಂಬತ್ತು ಎಂದಿದ್ದರಿಂದ ವರ್ಷಪೂರ್ತಿ ಅವನನ್ನು ಇಟ್ಟದ್ದು ದೊಡ್ಡವರ ಜೊತೆಯಲ್ಲೇ.

ಐದು ವರ್ಷ ಎಂದು ಕೇಳಿ ಅವನು ತಲೆಯಾಡಿಸಿದ. "ಯಾಕೆ ಕಮ್ಮಿ ಮಾಡಿದ್ರು?"

"ನೀನು ಸಣ್ಣೋನು ಅಂತ. ಕೊಲ್ಲಬೇಕು ಅಂತ ಹೊಡ್ದಿದ್ದಲ್ಲ ಅಂತ."

ಅವನು ಕಂಬಿಯನ್ನು ಹಿಡಿದುಕೊಂಡ. ಪಕ್ಕದಲ್ಲಿ ನಿಂತಿದ್ದ ವಾರ್ಡರು ಬೇರೆ ಕಡೆ ನೋಡುತ್ತಿದ್ದ.

"ಕೊಲ್ಲಬೇಕು ಅಂತನೇ ಹೊಡೆದೆ ಅವ್ವ. ಬೆಳಿಗ್ಗಿಂದ ಅದನ್ನೇ ನೆನೆಸ್ತಾ ಕಲ್ಲು ಒಡೀತಿದ್ದೆ. ಅವನು ಮಲಗಲಿ ಅಂತ ಕಾಯ್ತಿದ್ದೆ."

ಮಾಸ್ತಮ್ಮ ಅವನ ಬಾಯಿ ಮುಚ್ಚಲು ಕೈ ಎತ್ತಿದಳು. ಕಂಬಿ ಅಡ್ಡ ಬಂತು.

"ಈಗ?" ಎಂದು ಕೇಳಿದಳು.

"ಈಗ ಏನೂ ಅನ್ಸಲ್ಲ," ಎಂದ ಅವನು. ಹೊತ್ತು ಮುಗಿಯಿತೆಂದು ವಾರ್ಡರು ಕೂಗಿದ. ಹೋಗುವಾಗ ಗುತ್ಯಪ್ಪ ಹಿಂತಿರುಗಿ, "ಹೂವಜ್ಜಿ ಸಾಕ್ಷಿಗೆ ಬಂದಿದ್ಲಂತೆ, ನಿಜವಾಗ್ಲೂ?" ಎಂದು ಕೇಳಿದ. ಅವಳು ಹೂಂ ಎನ್ನುವಷ್ಟರಲ್ಲಿ ಬಾಗಿಲು ಮುಚ್ಚಿತು.

ಊರಿಗೆ ವಾಪಸು ಬಂದವಳು ನಾಲ್ಕು ದಿನ ಮನೆಬಿಟ್ಟು ಹೊರಗೆ ಬರಲಿಲ್ಲ. ಐದನೆಯ ದಿನ ಜಡೆಯ ಬಸ್ಸು ಹತ್ತಿದಳು. ಹೂವಮ್ಮನಿಗೆ ತೀರ್ಪಿನ ಸುದ್ದಿ ಯಾರಿಂದಲೋ ಆಗಲೇ ಮುಟ್ಟಿತ್ತು. ಹೊಸಿಲಲ್ಲಿ ಕೂತು ಅವಳು ಉಜ್ಜಪ್ಪನ ತಟ್ಟೆಯಲ್ಲಿ ಅನ್ನ ಕಿವುಚುತ್ತಿದ್ದಳು. ತಲೆ ಎತ್ತದೆಯೇ ಕೇಳಿದಳು:

"ಕೊಲ್ಲಬೇಕು ಅಂತ ಹೊಡ್ದಿಲ್ಲ ಅಂತ ಬರ್ದಾರಂತೆ. ಹೌದಾ?"

ಹೌದು ಎಂದರೆ ಅದು ಕೋರ್ಟಿನ ಮಾತಾಗುತ್ತಿತ್ತು. ಯಾರೂ ಅವಳನ್ನು ತಪ್ಪು ಅನ್ನುತ್ತಿರಲಿಲ್ಲ. ಮಾಸ್ತಮ್ಮ ಅಂಗಳದೊಳಕ್ಕೆ ಒಂದು ಹೆಜ್ಜೆ ಇಟ್ಟಳು.

"ಅವ್ರು ಹಂಗೆ ಬರ್ದಾರೆ ದೊಡ್ಡವ್ವ. ಆದ್ರೆ ಕೊಲ್ಲಾಕೇ ಹೊಡ್ದಿದ್ದ. ನಂಗೆ ಅವನೇ ಹೇಳ್ದ."

ಒಳಗಿನಿಂದ ಉಜ್ಜಪ್ಪ ಏನೋ ಅಂದ, ಮಾತು ತಿಳಿಯಲಿಲ್ಲ. ಹೂವಮ್ಮನ ಕೈ ತಟ್ಟೆಯಲ್ಲೇ ನಿಂತಿತ್ತು. ಅವಳು ಮುಖ ಎತ್ತಿದಳು. ಕಣ್ಣಲ್ಲಿ ನೀರಿರಲಿಲ್ಲ.

"ಅದು ಇವಂಗೆ ಗೊತ್ತೈತಿ," ಎಂದಳು ಒಳಗಡೆ ಕತ್ತು ತಿರುಗಿಸಿ. "ಮೊದಲ್ನೇ ಏಟು ಬಿದ್ದಾಗ ಕಣ್ಣು ಬಿಟ್ಟು ನೋಡ್ಯಾನೆ ನಿನ್ನ ಮಗನ ಮುಖನ. ನೀನು ಬಂದು ಸುಳ್ಳು ಹೇಳಿದ್ರೆ ಇವತ್ತು ನಿನ್ನ ಮುಖಕ್ಕೆ ಉಗೀತಿದ್ದೆ."

ಎದ್ದು ತಟ್ಟೆ ಹಿಡಿದು ಒಳಗೆ ಹೋದಳು. ಮಾಸ್ತಮ್ಮನನ್ನು ಕೂರು ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಒಳಗೆ ಅವಳು ಮಗನಿಗೆ ಸಣ್ಣ ಸಣ್ಣ ತುತ್ತು ಮಾಡಿ ತಿನ್ನಿಸುವ ಸದ್ದು, ನಡುನಡುವೆ ಅವನ ಕೆಮ್ಮು ಕೇಳುತ್ತಿತ್ತು. ಮಾಸ್ತಮ್ಮ ಅಂಗಳದಲ್ಲಿ ತಟ್ಟೆ ಖಾಲಿಯಾಗುವವರೆಗೂ ನಿಂತಿದ್ದು, ಆಮೇಲೆ ಬಸ್ಸಿಗೆ ನಡೆದಳು.