ಹಮೂದನ ಬಲಗೈ

ಬೇಗ ಹುಷಾರಾಗು ಗುರುವೇ ಅಂತ ಯಾರೋ ಪ್ಲಾಸ್ಟರಿನ ಮೇಲೆ ನೀಲಿ ಸ್ಕೆಚ್ ಪೆನ್ನಿನಲ್ಲಿ ಬರೆದಿದ್ದಾರೆ, ಅದರ ಕೆಳಗೆ ಅರಬ್ಬಿಯಲ್ಲಿ ಎರಡು ಸಾಲು, ದೇವರ ಹೆಸರೋ ಬೈಗುಳವೋ, ಗೆಳೆಯರು ಬರೆದದ್ದಾದರೆ ಬೈಗುಳವೇ ಇರಬೇಕು, ಬಲದಿಂದ ಎಡಕ್ಕೆ ಕೈಯ ಸುತ್ತ ಬರೆಯುತ್ತ ಹೋದರೆ ಮುಗಿಸುವುದಾದರೂ ಎಲ್ಲಿ — ಸಿಸ್ಟರ್, ಬರೀರಿ, ಕೋಕ್, ಲೈಮ್‌ಸ್ಟೋನ್ — ಬರೆದೆ, ಕೋಕ್, ಲೈಮ್‌ಸ್ಟೋನ್, ಇವನು ಇಂಗ್ಲಿಷಿನಲ್ಲಿ ಹೇಳುತ್ತಾನೆ, ನಾನು ಬರೆಯುತ್ತೇನೆ, ಪರೀಕ್ಷೆ ಇವನದು, ಅಕ್ಷರ ನನ್ನದು, ಎಂಥಾ ವಿಚಿತ್ರ. ರಸಾಯನಶಾಸ್ತ್ರ ವಿಭಾಗದ ಈ ಸಣ್ಣ ಕೋಣೆಯಲ್ಲಿ ನಾವು ಮೂರೇ ಜನ, ಇವನು, ನಾನು, ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಇಂಟರ್ನಲ್ ಪೇಪರು ತಿದ್ದುತ್ತಿರುವ ರಂಜಿನಿ ಮೇಡಂ, ಗೋಡೆಯುದ್ದಕ್ಕೂ ಗಾಜಿನ ಪೆಟ್ಟಿಗೆಯೊಳಗೆ ತಕ್ಕಡಿಗಳು, ಒಂದನ್ನಾದರೂ ಮುಟ್ಟಿ ನೋಡಬೇಕು, ಪಿಯುಸಿಯಲ್ಲಿ ಮುಟ್ಟಲು ಬಿಟ್ಟಿರಲಿಲ್ಲ, ಆಮೇಲೆ ಕೆಮಿಸ್ಟ್ರಿಯಲ್ಲಿ ಮೂವತ್ತೊಂದು ಬಂದು ನಾನು ಆರ್ಟ್ಸಿಗೆ ಬಂದೆ, ಅದಕ್ಕೇ ತಾನೇ ಈ ಕೆಲಸ ಸಿಕ್ಕಿದ್ದು. ನಿಂಗೆ ಕೆಮಿಸ್ಟ್ರಿ ಏನೂ ಗೊತ್ತಿಲ್ಲ ತಾನೆ ಅಂತ ಪರೀಕ್ಷಾ ವಿಭಾಗದ ಮಲ್ಲಿಕ್ ಸಾರ್ ಕೇಳಿದ್ದರು, ಇಲ್ಲ ಸಾರ್, ಫೇಲಾಗಿದ್ದೆ, ಒಳ್ಳೇದಾಯ್ತು ಮಾರಾಯ್ತಿ, ಗೊತ್ತಿಲ್ದೇ ಇರೋದೇ ನಿನ್ನ ಕ್ವಾಲಿಫಿಕೇಷನ್ನು. ನಗು ಬಂತು, ಸ್ವಲ್ಪ ಉರಿಯೂ ಬಂತು. ಫಾರಂ ತುಂಬಿದೆ, ಕವನ ಬಿ., ತಂದೆ ಭೂತಪ್ಪ, ಭದ್ರಾವತಿ, ಪ್ರಥಮ ಬಿ.ಎ., ಪರೀಕ್ಷಾರ್ಥಿ ಹೇಳಿದ್ದನ್ನು ಬಿಟ್ಟು ಒಂದಕ್ಷರವನ್ನೂ ಬರೆಯುವುದಿಲ್ಲ ಎಂದು ಪ್ರಮಾಣ ಮಾಡುತ್ತೇನೆ, ರುಜು.

ಮುಂದೆ, ಸಿಸ್ಟರ್ — ಮುಂದೆ ಎಂದು ಹೇಳಿ ತಾನೇ ನಿಲ್ಲುತ್ತಾನೆ, ಕಣ್ಣು ಮುಚ್ಚುತ್ತಾನೆ, ತುಟಿ ಅಲ್ಲಾಡುತ್ತದೆ, ಆ ಹೊತ್ತಿನಲ್ಲಿ ಒಳಗೆ ಏನು ನಡೆಯುತ್ತದೆ ಎಂದು ನೋಡುವ ಆಸೆ ನನಗೆ. ಯೆಮನ್ನಿನಲ್ಲಿ ಹದಿನೆಂಟು ವರ್ಷ ತುಂಬುವವರೆಗೆ ಎಲ್ಲವನ್ನೂ ಅರಬ್ಬಿಯಲ್ಲಿ ಓದಿದವನು, ಇಲ್ಲಿ ಅದನ್ನೇ ಇಂಗ್ಲಿಷಿನಲ್ಲಿ, ಹೋಟೆಲಿನಲ್ಲಿ ಅನ್ನ ಕೇಳಲು ಕನ್ನಡ, ಒಂದು ಉತ್ತರ ಮೂರು ಬಾಗಿಲು ದಾಟಿ ಹೊರಗೆ ಬರಬೇಕು, ನಮ್ಮ ಹುಡುಗರಿಗೆ ಒಂದೇ ಬಾಗಿಲು, ಅದನ್ನೂ ದಾಟದೆ ಸರ್ಕಲ್ಲಿನಲ್ಲಿ ನಿಂತಿರುತ್ತಾರೆ. ಹೇಗೆ ಓದ್ತೀರಿ ಅಂತ ನಿನ್ನೆ ಕ್ಯಾಂಟೀನಿನಲ್ಲಿ ಕೇಳಿಯೇಬಿಟ್ಟೆ, ಮಲ್ಲಿಕ್ ಸಾರ್ ನಮ್ಮಿಬ್ಬರನ್ನೂ ಡಿಕ್ಟೇಷನ್ ಅಭ್ಯಾಸಕ್ಕೆ ಕೂರಿಸಿದ್ದರು, ಹಮೂದ್ ಹಾಲಿಲ್ಲದ ಚಹಾಕ್ಕೆ ನಾಲ್ಕು ಚಮಚ ಸಕ್ಕರೆ ಹಾಕಿಕೊಂಡು ಹೇಳಿದ, ನಡೀತಾ ಓದ್ತೀನಿ, ಆಲ್ಕೊಳದ ರೂಮಲ್ಲಿ ನಾಲ್ಕು ಜನ, ನಡಿಯೋಕೆ ಜಾಗ ಇಲ್ಲ, ಅದಕ್ಕೆ ಟೆರೇಸು, ಜೋರಾಗಿ ಓದಿದ್ರೆ ಓನರ್ ಅಮ್ಮ ಬಯ್ತಾರೆ, ಆಮೇಲೆ ಅವರೇ ಕಾಫಿ ಕೊಡ್ತಾರೆ. ಸರಾಸರಿ ಅರವತ್ತು ಬರಲೇಬೇಕಂತೆ, ಬರದಿದ್ದರೆ ಅವರ ಸರ್ಕಾರ ಸ್ಕಾಲರ್‌ಶಿಪ್ ನಿಲ್ಲಿಸಿ ವಾಪಸು ಕರೆಸಿಕೊಳ್ಳುತ್ತದೆ, ಎಂ.ಎಸ್ಸಿ. ಎಂಬ ಮಾತು ಮುಗಿಯಿತು, ಇನ್ನೂ ನಾಲ್ಕು ಮಾರ್ಕು ಹಿಂದಿದ್ದಾನೆ, ಅಂಥಾ ಹೊತ್ತಿನಲ್ಲಿ ಸೆಕೆಂಡ್ ಹ್ಯಾಂಡ್ ಲೂನಾದಿಂದ ಬಿದ್ದು ಬಲಗೈ ಮುರಿದುಕೊಳ್ಳುವುದೇ. ಅದೃಷ್ಟ ಮಾಡಿದ್ದಿ, ಇಂಡಿಯಾದಲ್ಲಿ ಕೈ ಮುರಿದರೆ ಬೇರೆಯವರು ಪಾಸು ಮಾಡಿಸುತ್ತಾರೆ ಅಂತ ರೂಮಿನವರು ತಮಾಷೆ ಮಾಡಿದರಂತೆ, ಊರಿಂದ ಅಪ್ಪನೂ ಫೋನಿನಲ್ಲಿ ಕೇಳಿದರಂತೆ, ಬರೆಯುವುದು ನೀನೇ ತಾನೆ ಮಗನೇ. ಅಷ್ಟು ಹೇಳಿ ಚಹಾ ಬಿಟ್ಟು ಎದ್ದ, ಮುಖ ಕೆಂಪಾಗಿತ್ತು, ಪಾಪ ಅನ್ನಿಸಿತು.

ಬರೀರಿ, ಸಿಸ್ಟರ್. ಕಬ್ಬಿಣ ಕರಗಿಸುವ ಕುಲುಮೆಯ ಅಡಿಯಲ್ಲಿ ಎರಡು ಪದರ ಆಗುತ್ತದೆ. ಬರೆದೆ. ಸ್ಲ್ಯಾಗ್ ಭಾರವಾದದ್ದು, ಅದು ತಳಕ್ಕೆ ಇಳಿಯುತ್ತದೆ, ಕರಗಿದ ಕಬ್ಬಿಣ ಅದರ ಮೇಲೆ ತೇಲುತ್ತದೆ. ಬರೆ — ಪೆನ್ನು ನಿಂತಿತು. ಏನಂದ ಇವನು, ತಲೆಕೆಳಗು, ಪೂರಾ ತಲೆಕೆಳಗು, ಸ್ಲ್ಯಾಗ್ ಅಂದರೆ ನಮ್ಮ ಕಿಟ್ಟ, ಕಿಟ್ಟ ಮೇಲೆ, ಕಬ್ಬಿಣ ಕೆಳಗೆ, ಇದು ಕೆಮಿಸ್ಟ್ರಿಯೇ ಅಲ್ಲ, ಇದು ನಮ್ಮನೆಯ ಮಾತು. ಕಾರ್ಖಾನೆಯ ಕುಲುಮೆಗೆ ತೂತು ತೆಗೆಯುವ ಕೆಲಸ ಅಪ್ಪನದು, ಇಪ್ಪತ್ತಾರು ವರ್ಷ, ಊಟಕ್ಕೆ ಕೂತಾಗ ಅದೇ ಸುದ್ದಿ, ಕಾಶಮ್ಮಾ, ನಿನ್ನ ಹಾಲಿನ ಮೇಲೆ ಕೆನೆ ಕೂರ್ತದಲ್ಲ, ಕಿಟ್ಟಾನೂ ಹಂಗೇ ಕಣೆ, ಮೇಲಿನ ತೂತು ತೆಗೆದು ಮೊದ್ಲು ಅದನ್ನ ಹೊರಗೆ ಬಿಡಬೇಕು, ಆಮೇಲೆ ಕೆಳಗಿನದು, ಆಗ ಬರ್ತದೆ ನೋಡು ನಮ್ಮಪ್ಪ ಕಬ್ಬಿಣ. ಅಮ್ಮ ಅನ್ನುತ್ತಿದ್ದಳು, ಊಟ ಮಾಡ್ರೀ, ಸಾರು ಆರ್ತಾ ಇದೆ. ಎರಡು ತೂತು, ಮೇಲೊಂದು ಕೆಳಗೊಂದು, ಮೂರನೇ ಕ್ಲಾಸಿನಲ್ಲೇ ಗೊತ್ತಿತ್ತು ನನಗೆ, ಇಡೀ ರಸಾಯನಶಾಸ್ತ್ರದಲ್ಲಿ ಆಣೆ ಇಟ್ಟು ಹೇಳಬಲ್ಲ ಸಂಗತಿ ಇದೊಂದೇ, ಅದನ್ನೇ ಇವನು ತಿರುವಿ ಹೇಳಬೇಕೆ, ನನ್ನ ಕೈಯಲ್ಲೇ ಬರೆಸಬೇಕೆ, ಹತ್ತು ಮಾರ್ಕಿನ ಪ್ರಶ್ನೆ. ರುಜು ಹಾಕಿದ್ದೇನೆ. ಬರೆದೆ. ಓದಿ ಹೇಳಲಾ ಅಂದೆ, ಓದಿ ಹೇಳುವುದಕ್ಕೆ ಅಡ್ಡಿಯಿಲ್ಲ, ನಿಯಮದಲ್ಲೇ ಇದೆ, ನಿಧಾನವಾಗಿ ಓದಿದೆ, ಸ್ಲ್ಯಾಗ್… ತಳಕ್ಕೆ… ಇಳಿಯುತ್ತದೆ — ಇವನು ನನ್ನನ್ನೇ ನೋಡಿದ, ಅರ್ಥವಾಯಿತೇನೋ ಅಂದುಕೊಂಡೆ, ಮೃದುವಾಗಿ, ಮಗುವಿಗೆ ಹೇಳಿಕೊಡುವ ಹಾಗೆ ಹೇಳಿದ, ಎಸ್, ಎಲ್, ಎ, ಜಿ. ಅಯ್ಯೋ ಶಿವನೇ, ಈ ಪದ ನನಗೆ ಬರುವುದಿಲ್ಲ ಅಂದುಕೊಂಡಿದ್ದಾನೆ, ಕಿಟ್ಟದ ರಾಶಿಯ ಪಕ್ಕ ಕುಂಟಾಬಿಲ್ಲೆ ಆಡಿದವಳಿಗೆ ಸ್ಪೆಲಿಂಗ್ ಹೇಳಿಕೊಡುತ್ತಿದ್ದಾನೆ, ನಗಬೇಕೋ ಅಳಬೇಕೋ.

ಈಗ ಚಿತ್ರ. ಪೆನ್ಸಿಲ್ ತಗೊಳ್ಳಿ, ಸಿಸ್ಟರ್, ಮೇಲೆ ಕಿರಿದು, ನಡುವೆ ಅಗಲ, ಕೆಳಗೆ ಮತ್ತೆ ಕಿರಿದು, ಎಡಕ್ಕೆ ಒಂದು ತೂತು, ಸ್ಲ್ಯಾಗ್, ಬಲಕ್ಕೆ ಒಂದು ತೂತು, ಐರನ್ — ಎಡಕ್ಕೆ ಅಂದ, ಬಲಕ್ಕೆ ಅಂದ, ಎಷ್ಟು ಎತ್ತರದಲ್ಲಿ ಅಂತ ಹೇಳಲಿಲ್ಲ, ಕೇಳಬೇಕಿತ್ತು, ಕೇಳಲಿಲ್ಲ, ಕೈ ಹೋಗಿಬಿಟ್ಟಿತು, ಎಡಗಡೆಯದನ್ನು ಮೇಲೆ ಬರೆದೆ, ಬಲಗಡೆಯದನ್ನು ಕೆಳಗೆ, ಅಷ್ಟಕ್ಕೇ ಬಿಡಲಿಲ್ಲ, ಕಿಟ್ಟ ಹರಿದು ಹೋಗಲು ಮರಳಿನ ಕಾಲುವೆಯನ್ನೂ ಎಳೆದೆ, ಅದರ ಕವಲನ್ನೂ ಎಳೆದೆ, ಇವನು ಹೇಳದೇ ಇದ್ದದ್ದು. ಮುಗಿಸಿ ತಲೆ ಎತ್ತಿದರೆ ಇವನು ಚಿತ್ರವನ್ನೇ ನೋಡುತ್ತಿದ್ದಾನೆ. ನೋಡಿದ್ದೀರಾ ಇದನ್ನ, ಸಿಸ್ಟರ್, ನಿಜವಾದದ್ದು? ನಾನು ಪೆನ್ಸಿಲಿನ ತುದಿ ನೋಡಿಕೊಂಡೆ. ಏನಮ್ಮಾ ಅಲ್ಲಿ ಗುಸುಗುಸು ಅಂದರು ರಂಜಿನಿ ಮೇಡಂ, ಚಿತ್ರ ಬರೀತಿದೀನಿ ಮೇಡಂ ಅಂದೆ, ಸುಳ್ಳಲ್ಲ. ಇವನು ಬರೆಸಿದ ಸಾಲನ್ನು ನೋಡಿದ, ಚಿತ್ರವನ್ನು ನೋಡಿದ, ಮತ್ತೆ ಸಾಲು, ಮುಖ ಮೊದಲು ಅರಳಿತು, ಆಮೇಲೆ ಇಳಿದುಹೋಯಿತು, ಎಡಗೈಯಲ್ಲಿ ಗಡ್ಡ ಸವರಿಕೊಂಡ. ಸಿಸ್ಟರ್, ಎತ್ತರ ನಾನು ಹೇಳಿದ್ನಾ? ಇಲ್ಲ. ಅಳಿಸಿ. ಅಲ್ಲ ಅಂದೆ — ಅಳಿಸಿ ಸಿಸ್ಟರ್, ನಾನು ಹೇಳಿಲ್ಲ ಅದು. ಹತ್ತು ಮಾರ್ಕು ಮಾರಾಯ, ನಾಲ್ಕು ಹಿಂದಿದ್ದೀಯ, ಬಿಡು, ಯಾರಿಗೆ ಗೊತ್ತಾಗುತ್ತದೆ ಅಂತ ಬಾಯಿಯ ತುದಿಗೆ ಬಂದದ್ದನ್ನು ನುಂಗಿದೆ, ಈ ಮನುಷ್ಯನ ಮೇಲೆ ಸಿಟ್ಟು ಬಂತು, ಇಂಥವನನ್ನು ನಾನು ನೋಡಿಯೇ ಇಲ್ಲ ಅಂತಲೂ ಅನ್ನಿಸಿತು. ಅಳಿಸಿದೆ. ಕಾಲುವೆ ಹೋಯಿತು, ಕವಲು ಹೋಯಿತು, ಅಪ್ಪನ ತೂತು ಹೋಯಿತು, ಆಮೇಲೆ ಬಲಗಡೆಯದನ್ನೂ ಅಳಿಸಿ ಅಂದ, ಅದೂ ಹೋಯಿತು, ರಬ್ಬರಿನ ಪುಡಿ ಊದಿದೆ. ಈಗ ಹೇಳಿ, ಎಲ್ಲಿಗೆ ಬರೀಲಿ ಅಂದೆ, ಈ ಸಲ ಸರಿಯಾಗಿ ಕೇಳಿದೆ, ಕೇಳಬೇಕಾದ ಹಾಗೆ. ಇವನು ಕಣ್ಣು ಮುಚ್ಚಿದ, ತೆರೆದ, ನಾನು ನೋಡಿಬಿಟ್ಟೆ ಸಿಸ್ಟರ್, ಅಂದ, ಅಷ್ಟೇ, ತೀರಾ ಸಣ್ಣ ದನಿ, ಆಗ ಹೊಳೆಯಿತು ನನಗೆ, ಅಯ್ಯೋ ಏನು ಮಾಡಿಬಿಟ್ಟೆ, ಒಂದು ನಿಮಿಷ ಬಿಟ್ಟಿದ್ದರೆ ತಾನೇ ನೆನಪು ಮಾಡಿಕೊಳ್ಳುತ್ತಿದ್ದನೇನೋ, ಈಗ ಮೇಲೆ ಅಂದರೆ ಉತ್ತರ ಸರಿ, ಆದರೆ ಇವನದಲ್ಲ, ಕೆಳಗೆ ಅಂದರೆ ಇವನದೇ, ಆದರೆ ತಪ್ಪು, ಫೋನಿನಲ್ಲಿ ಅವರಪ್ಪ ಕೇಳುತ್ತಾರೆ, ಬರೆದದ್ದು ನೀನೇ ತಾನೆ. ಕೊನೇ ಹತ್ತು ನಿಮಿಷ ಅಂದರು ಮೇಡಂ. ಹೇಳು, ಏನಾದರೂ ಹೇಳು, ಅಪ್ಪ ಹೇಳುತ್ತಿದ್ದ, ಹೊತ್ತಿಗೆ ಸರಿಯಾಗಿ ತೆಗೀದಿದ್ರೆ ಕುಲುಮೆ ನಮಗೋಸ್ಕರ ಕಾಯಲ್ಲ, ಒಡೀತದೆ ಮಗಾ, ಪೆನ್ಸಿಲ್ ಹಿಡಿದು ಕೂತಿದ್ದೇನೆ, ಇವನ ತುಟಿ ಅಲ್ಲಾಡುತ್ತಿಲ್ಲ, ಹಾಳೆಯ ಮೇಲೆ ಕುಲುಮೆ, ಮೇಲೆ ಕಿರಿದು, ನಡುವೆ ಅಗಲ, ಕೆಳಗೆ ಕಿರಿದು, ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ, ತೂತಿಲ್ಲ, ಎಲ್ಲೂ ತೂತಿಲ್ಲ