ಎರಡನೇ ಮನೆಯ ತೆರಿಗೆ

"ನಿಮ್ಮಿಬ್ಬರಲ್ಲಿ ಯಾರ ಹೆಸರಲ್ಲಾದ್ರೂ ಇದಕ್ಕೆ ಮುಂಚೆ ಮನೆ, ಫ್ಲಾಟು ಏನಾದ್ರೂ ಇತ್ತಾ?" ಎಂದು ಕೇಳಿದ ವಕೀಲರು ಕನ್ನಡಕವನ್ನು ಹಣೆಗೇರಿಸಿ ಆಕಳಿಸಿದರು. ಕೇಳಬೇಕಲ್ಲ ಎಂದು ಕೇಳಿದ ಪ್ರಶ್ನೆ.

"ಮನೆಯಾ? ನಮ್ಮ ಹೆಸರಲ್ಲಿರೋದು ಗ್ಯಾಸ್ ಸಿಲಿಂಡರ್ ಒಂದೇ ಸಾರ್," ಎಂದು ಗಂಡ ಗಹಗಹಿಸಿ ನಕ್ಕ. ಅವನು ಸಿಟಿ ಬಸ್ಸಿನ ಡ್ರೈವರ್. ಇಂಜಿನ್ ಸದ್ದಿನ ಮೇಲೆ ಕೂಗಿ ಕೂಗಿ ಮೆತ್ತಗೆ ನಗುವುದು ಅವನಿಗೆ ಮರೆತೇ ಹೋಗಿತ್ತು.

ಪಕ್ಕದಲ್ಲಿ ಕೂತಿದ್ದ ಅವನ ಹೆಂಡತಿ ಸಿಸ್ಟರ್ ನಗಲಿಲ್ಲ. ಆಸ್ಪತ್ರೆಯ ರೋಗಿಗಳಿಂದ ಹಿಡಿದು ಬೀದಿ ತುದಿಯ ಹಾಲಿನವನ ತನಕ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಹಾಗೆಯೇ. ಜಗಳವಾದ ದಿನ ಗಂಡನೂ ಹಾಗೇ ಕರೆಯುತ್ತಿದ್ದ. ಎಂಥ ಸಣ್ಣ ನರಕ್ಕೂ ನಡುಗದೆ ಸೂಜಿ ಚುಚ್ಚುವ ಅವಳ ಕೈ ಈಗ ಮಡಿಲಲ್ಲಿದ್ದ ಚೀಲದ ಹಿಡಿಯನ್ನು ಹಿಂಡುತ್ತಿತ್ತು.

"ನನ್ನ ಹೆಸರಲ್ಲಿ ಒಂದಿದೆ," ಎಂದಳು. "ನಮ್ಮಣ್ಣಂದು."

ಗಂಡನ ನಗು ಅರ್ಧಕ್ಕೆ ನಿಂತಿತು. ವಕೀಲರ ಕನ್ನಡಕ ಹಣೆಯಿಂದ ಮೂಗಿಗೆ ಇಳಿಯಿತು.

"ಹೆಸರು ನಿಮ್ಮದು ಅಂದ್ಮೇಲೆ ಮನೆಯೂ ನಿಮ್ಮದೇ ಅಮ್ಮ. ಕಾನೂನಿಗೆ ಅಣ್ಣ, ತಮ್ಮ ಅಂತೆಲ್ಲ ಗೊತ್ತಾಗಲ್ಲ. ಹಾಗಾದ್ರೆ ನೀವೀಗ ತಗೊಳ್ತಿರೋದು ಎರಡನೇ ಮನೆ."

ಮೊದಲ ಮನೆ ಕೊಳ್ಳುವವರಿಗೆ ಸರ್ಕಾರ ಖರೀದಿ ತೆರಿಗೆಯನ್ನು ಹೆಚ್ಚುಕಡಿಮೆ ಬಿಟ್ಟೇ ಬಿಡುತ್ತಿತ್ತು. ಎರಡನೆಯದೆಂದರೆ ಮಾತ್ರ ಚರ್ಮ ಸುಲಿಯುತ್ತಿತ್ತು. ವಕೀಲರು ಲೆಕ್ಕ ಹಾಕಿ ಮೊತ್ತ ಹೇಳಿದರು. ಮೂಗಿಗಿಂತ ಮೂಗುತಿ ಭಾರ ಎನ್ನುತ್ತಾರಲ್ಲ, ಹಾಗಾಗಿತ್ತು.

"ಬರೀ ನನ್ನ ಹೆಸರಿಗೆ ಮಾಡಿಸಿದ್ರೆ ಸಾರ್?"

"ಗಂಡ ಹೆಂಡತಿ ತೆರಿಗೆಗೆ ಒಂದೇ ಲೆಕ್ಕ."

"ಅದನ್ನ ಅಣ್ಣನಿಗೇ ವಾಪಸ್ ಬರೆದುಕೊಟ್ಟುಬಿಟ್ರೆ?" ಎಂದಳು ಅವಳು.

"ಅದಕ್ಕೂ ತೆರಿಗೆ ಇದೆ. ಅಲ್ಲದೆ ಒಂದ್ಸಲ ಇತ್ತು ಅಂದ್ರೆ ಇತ್ತು. ಮೊದಲ ಮನೆ ಅನ್ನೋದು ಜೀವನದಲ್ಲಿ ಒಂದೇ ಸಲ ಅಮ್ಮ."

ಟೈಲ್ಸ್ ಅಂಗಡಿ ಇಟ್ಟಿದ್ದ ಅವಳ ಅಣ್ಣ ಕೆಲವು ವರ್ಷಗಳ ಹಿಂದೆ ಒಂದು ದಿನ ಹಣ್ಣಿನ ಚೀಲ ಹಿಡಿದುಕೊಂಡು ಬಂದಿದ್ದ. ಅವನಿಗೆ ಎರಡನೇ ಮನೆ ಬೇಕು, ಎರಡನೇ ಮನೆಯ ತೆರಿಗೆ ಬೇಡ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. "ಒಂದು ಸೈನ್ ಹಾಕು ಪುಟ್ಟಿ, ನಿನಗೇನೂ ತೊಂದರೆ ಇಲ್ಲ. ನಿನ್ನ ಗಂಡನಿಗೆ ಹೇಳಬೇಡ, ಸುಮ್ನೆ ಏನೇನೋ ತಿಳ್ಕೋತಾನೆ" ಎಂದಿದ್ದ. ಅವಳು ಹಾಕಿದ್ದಳು. ಅಯ್ಯೋ, ಎಷ್ಟು ಸಂತೋಷದಿಂದ ಹಾಕಿದ್ದಳು! ಅತ್ತಿಗೆಯ ಕಡೆ ಅಷ್ಟು ಜನರಿದ್ದರೂ ಅಣ್ಣ ನಂಬಿದ್ದು ತನ್ನನ್ನು ಎಂದು ಆ ವಾರವಿಡೀ ಅವಳ ಕಾಲು ನೆಲದ ಮೇಲೆ ನಿಂತಿರಲಿಲ್ಲ.

ವಕೀಲರ ಆಫೀಸಿನ ಮೆಟ್ಟಿಲಿಳಿಯುವಾಗ ಗಂಡ ಕೇಳಿದ್ದು ಒಂದೇ ಮಾತು: "ನನ್ನ ಹತ್ರ ಹೇಳಬಾರದು ಅಂತ ಯಾಕನಿಸ್ತು?" ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವರಿದ್ದ ಬಾಡಿಗೆ ಮನೆಯನ್ನು ಆ ತಿಂಗಳ ಕೊನೆಗೆ ಬಿಡಬೇಕಿತ್ತು. ಮಾಲೀಕರ ಮಗ ಅಲ್ಲಿಗೆ ಬರುವವನಿದ್ದ. ಫ್ಲಾಟಿಗೆ ಕೊಟ್ಟ ಮುಂಗಡವೂ ಅದೇ ದಿನದೊಳಗೆ ನೋಂದಣಿಯಾಗದಿದ್ದರೆ ಮುಳುಗಿದ ಹಾಗೆಯೇ. ಕೈಗೆ ಬಂದ ತುತ್ತನ್ನು ಅವಳು ತಾನೇ ತಟ್ಟಿ ಕೆಡವಿದ್ದಳು.

ಮರುದಿನ ಡ್ಯೂಟಿ ಮುಗಿಸಿ ನೇರ ಅಣ್ಣನ ಮನೆಗೆ ಹೋದಳು. ಅಣ್ಣ ಸೋಫಾದಲ್ಲಿ ಕಾಲು ಚಾಚಿ ಟಿವಿ ನೋಡುತ್ತಿದ್ದ. ನಡೆದದ್ದನ್ನೆಲ್ಲ ಹೇಳಿ, "ಹೆಚ್ಚಿನ ತೆರಿಗೆ ನೀನು ಕಟ್ಟಣ್ಣ," ಎಂದಳು. "ಅವತ್ತು ನೀನು ಉಳಿಸಿಕೊಂಡೆಯಲ್ಲ, ಅದನ್ನೇ ಈಗ ನನ್ನ ಹತ್ರ ಕೇಳ್ತಿದಾರೆ."

"ಅಂಗಡೀಲಿ ನೊಣ ಹೊಡೀತಾ ಕೂತಿದೀನಿ ಪುಟ್ಟಿ. ಎಲ್ಲಿಂದ ತರಲಿ?"

ಅತ್ತಿಗೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. "ಸೈನ್ ಹಾಕೋಕೆ ನಿಮಗೇನು ಖರ್ಚಾಯ್ತು? ಒಂದು ಸೈನಿಗೆ ಇಷ್ಟು ರೇಟು ಅಂತ ಗೊತ್ತಿದ್ರೆ ನಾವು ಬೇರೆಯವರ ಹತ್ರ ಹಾಕಿಸ್ತಿದ್ವಿ."

"ನೀನು ಸುಮ್ನಿರು," ಎಂದ ಅಣ್ಣ, ಟಿವಿಯಿಂದ ಕಣ್ಣು ಕೀಳದೆ. ಆಮೇಲೆ ತಂಗಿಗೆ ಸಮಾಧಾನ ಹೇಳುವವನ ಹಾಗೆ, "ಅಷ್ಟು ಕಷ್ಟ ಆದ್ರೆ ಇನ್ನೊಂದು ಬಾಡಿಗೆ ಮನೆ ನೋಡ್ಕೊಳ್ಳಿ. ಇಷ್ಟು ವರ್ಷ ಇರ್ಲಿಲ್ವಾ? ನಿಮಗೆ ಅಭ್ಯಾಸ ಇದೆ," ಎಂದ.

ಅವಳು ಟಿವಿಗೆ ಅಡ್ಡ ನಿಂತಳು. "ಹಾಗಾದ್ರೆ ನನ್ನ ಹೆಸರಲ್ಲಿರೋ ಮನೆ ಖಾಲಿ ಮಾಡಿಸು. ನಾನೇ ಹೋಗಿ ಇರ್ತೀನಿ."

"ನೋಡಿದ್ರಾ!" ಅತ್ತಿಗೆ ಕೈ ತಟ್ಟಿದಳು. "ಒಂದಿನ ನುಂಗಿ ನೀರು ಕುಡೀತಾಳೆ ಅಂತ ಅವತ್ತೇ ಬಡ್ಕೊಂಡೆ."

ಅಣ್ಣನಿಗೆ ಸಿಟ್ಟೇ ಬರಲಿಲ್ಲ. ನಕ್ಕುಬಿಟ್ಟ. "ಪುಟ್ಟಿ ಹಾಗೆಲ್ಲ ಮಾಡೋಳಲ್ಲ ಕಣೇ. ನನಗೆ ಗೊತ್ತಿಲ್ವಾ ನನ್ನ ತಂಗಿ? ಟೀ ತಗೊಂಡು ಬಾ ಹೋಗು."

ಬೈಗುಳವನ್ನಾದರೂ ನುಂಗಿಕೊಳ್ಳಬಹುದಿತ್ತು. ಆ ನಂಬಿಕೆಯನ್ನು ನುಂಗಿಕೊಳ್ಳಲು ಅವಳಿಂದ ಆಗಲಿಲ್ಲ. ಇದನ್ನೇ ನಂಬಿಕೊಂಡಲ್ಲವೇ ಅವನು ಅವತ್ತು ಹಣ್ಣು ತಂದದ್ದು? ಟೀ ಬರುವ ಮೊದಲೇ ಚಪ್ಪಲಿ ಮೆಟ್ಟಿ ಹೊರಬಿದ್ದಳು. ಮನೆಗೆ ಹೋಗುವ ಬಸ್ಸು ಎದುರಿಗೇ ನಿಂತಿತ್ತು. ಅದನ್ನು ಬಿಟ್ಟು ಬೇರೆ ಬಸ್ಸು ಹತ್ತಿದಳು. ಅವನು ಮನೆ ಬಿಡಿಸದಿದ್ದರೆ ಬೇಡ, ನಾನೇ ಬಿಡಿಸುತ್ತೇನೆ. ಬಾಡಿಗೆಯವರಿಗೆ ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಕಟ್ಟಿದಳು, ಬಿಚ್ಚಿದಳು, ಮತ್ತೆ ಕಟ್ಟಿದಳು.

ಸೈನ್ ಹಾಕಿದ ಪತ್ರದಲ್ಲಿ ವಿಳಾಸ ಓದಿದ್ದಳಷ್ಟೇ, ತನ್ನ ಹೆಸರಿನ ಮನೆಯನ್ನು ಅವಳು ನೋಡಿದ್ದು ಅದೇ ಮೊದಲು. ಮೂರನೇ ಮಹಡಿ, ಹಸಿರು ಬಾಗಿಲು, ಹೊರಗೆ ಒಣಹಾಕಿದ ಮಕ್ಕಳ ಸಾಕ್ಸು. ಬಾಗಿಲು ತೆಗೆದವಳಿಗೆ ಹೆಚ್ಚುಕಡಿಮೆ ಅವಳದೇ ವಯಸ್ಸು. ಸೊಂಟದ ಮೇಲೆ ಕೂಸು ನಿದ್ದೆಹೋಗಿತ್ತು.

"ಯಾರು ಬೇಕಿತ್ತು?"

"ಈ ಮನೆ..." ಕಟ್ಟಿಟ್ಟ ಮಾತೆಲ್ಲ ಎಲ್ಲಿ ಹೋಯಿತೋ. "ಈ ಮನೆ ನನ್ನ ಹೆಸರಲ್ಲಿದೆ."

ಆ ಹೆಂಗಸು ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಅವಳ ಮುಖದಲ್ಲಿ ನಗು ಬಂತು. ಬಾಡಿಗೆ ಮನೆಯಲ್ಲಿ ಬಾಳಿದವರಿಗೆಲ್ಲ ಗೊತ್ತು ಆ ನಗು. ಮಾಲೀಕರು ಬಂದಾಗ ಮಾತ್ರ ಬರುತ್ತದೆ. "ಓ, ಅಮ್ಮಾವ್ರಾ! ಗೊತ್ತೇ ಆಗ್ಲಿಲ್ಲ, ಬನ್ನಿ ಬನ್ನಿ," ಎನ್ನುತ್ತ ಒಳಗೆ ಓಡಿ ಕುರ್ಚಿಯ ಮೇಲಿದ್ದ ಬಟ್ಟೆಯ ರಾಶಿಯನ್ನು ಒಂದೇ ಕೈಯಲ್ಲಿ ಎತ್ತಿ ಮಂಚಕ್ಕೆಸೆದಳು. ಸೀಟನ್ನು ಅಂಗೈಯಿಂದ ಒರೆಸಿದಳು. "ಮನೆ ಚೆನ್ನಾಗೇ ಇಟ್ಕೊಂಡಿದೀವಿ ಅಮ್ಮಾ. ಬಾಡಿಗೆ ಒಂದಿನಾನೂ ತಡ ಮಾಡಿಲ್ಲ, ಬೇಕಾದ್ರೆ ಕೇಳಿ. ಬಿಡಿಸೋಕೆ... ಅದಕ್ಕೇನೂ ಬಂದಿಲ್ಲ ಅಲ್ವಾ?"

ಸಿಸ್ಟರ್ ಕುರ್ಚಿಯಲ್ಲಿ ಕೂತಳು. ಮಡಿಲಲ್ಲಿಟ್ಟ ಚೀಲದ ಹಿಡಿಯನ್ನೇ ನೋಡಿದಳು.

ಆ ಹೆಂಗಸು ಉತ್ತರಕ್ಕೆ ಕಾದಳು. ಕಾಯುತ್ತಲೇ, ಕೂಸನ್ನು ಸೊಂಟದಿಂದ ಹೆಗಲಿಗೆ ಬದಲಾಯಿಸುವವಳಂತೆ ಮೆಲ್ಲಗೆ ಪಕ್ಕಕ್ಕೆ ಸರಿದು, ಗೋಡೆಗೆ ಬೆನ್ನು ಒತ್ತಿ ನಿಂತಳು. ಅವಳ ತೋಳಿನ ಆಚೆಗೆ ನೀಲಿ ಬಳಪದಲ್ಲಿ ಮಕ್ಕಳು ಗೋಡೆಗೆ ಗೀಚಿದ ರೈಲಿನ ಕೊನೆಯ ಡಬ್ಬಿಯಷ್ಟೇ ಕಾಣುತ್ತಿತ್ತು. ಅದನ್ನೂ ಮುಚ್ಚಲು ಅವಳು ಇನ್ನಷ್ಟು ಸರಿದಳು.